ಎಟಿಜಿ7 ಇಲ್ಲದೆ ಬೆಳೆದ ಅಕ್ಕತಂಗಿಯರು: ಒಂದು ಪ್ರಕರಣ ಅಧ್ಯಯನ

ಇಲಿ ಮರಿ ಹುಟ್ಟುತ್ತದೆ. ಕೈಕಾಲು, ಮೂತಿ, ಬಾಲ, ಎಲ್ಲ ಸರಿಯಾಗಿಯೇ ಇರುತ್ತವೆ. ತೂಕ ಸ್ವಲ್ಪ ಕಮ್ಮಿ, ಅಷ್ಟೇ. ಆದರೆ ಒಂದು ದಿನ ಕಳೆಯುವುದರೊಳಗೆ ಅದು ಸತ್ತುಹೋಗುತ್ತದೆ. 2005ರಲ್ಲಿ ಜಪಾನಿನ ಮಸಾಕಿ ಕೊಮಾತ್ಸು ಮತ್ತು ಜೊತೆಗಾರರು ಇದನ್ನು ವರದಿ ಮಾಡಿದರು. ಆ ಮರಿಗಳಲ್ಲಿ ಅವರು ತೆಗೆದುಹಾಕಿದ್ದು ಒಂದೇ ಒಂದು ಜೀನ್. ಹೆಸರು ಎಟಿಜಿ7. ಅದರ ಹಿಂದಿನ ವರ್ಷವೇ ನೊಬೊರು ಮಿಜುಶಿಮಾ ಅವರ ತಂಡ ಎಟಿಜಿ5 ಅನ್ನುವ ಇನ್ನೊಂದು ಜೀನ್ ತೆಗೆದು ನೋಡಿತ್ತು. ಅಲ್ಲೂ ಮರಿಗಳು ಒಂದೇ ದಿನ ಬದುಕಿದ್ದವು.

ಈ ಎರಡೂ ಜೀನ್‌ಗಳು ಆಟೊಫೇಜಿಗೆ ಬೇಕಾದವು. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಅರಗಿಸಿಕೊಂಡು, ಸಿಕ್ಕಿದ್ದನ್ನು ಮತ್ತೆ ಬಳಸುವ ಕೆಲಸಕ್ಕೆ ಈ ಹೆಸರು. ಇಲಿಗಳ ಫಲಿತಾಂಶ ನೋಡಿದ ಮೇಲೆ ಹೆಚ್ಚಿನವರಿಗೆ ಒಂದು ಮಾತು ಖಚಿತವೆನಿಸಿತ್ತು. ಮೂಲ ಆಟೊಫೇಜಿ ಜೀನ್ ಪೂರ್ತಿ ಕೆಟ್ಟುಹೋದರೆ ಮನುಷ್ಯ ಮಗು ಉಳಿಯುವುದಿಲ್ಲ. ಉಳಿಯದ ಮೇಲೆ ಅಂಥ ರೋಗಿ ಆಸ್ಪತ್ರೆಗೆ ಬರುವ ಪ್ರಶ್ನೆಯೇ ಇಲ್ಲ, ಅಲ್ವಾ?

ಆದರೆ ಅಂಥ ರೋಗಿಗಳು ಬಂದರು. ಬಂದಾಗ ಅವರು ಕೂಸುಗಳೂ ಆಗಿರಲಿಲ್ಲ.

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಕಾಯಿಲೆಗಳ ಮೇಲೆ ಕೆಲಸ ಮಾಡುವ ದೊಡ್ಡ ತಂಡವೊಂದಿದೆ. ಅವರು ನೋಡಿದ ಕುಟುಂಬಗಳಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಇಬ್ಬರಿಗೂ ಕಲಿಕೆಯಲ್ಲಿ ತೊಂದರೆಯಿತ್ತು. ನಡಿಗೆಯಲ್ಲಿ ಹಿಡಿತ ಇರಲಿಲ್ಲ, ಹೆಜ್ಜೆ ಇಟ್ಟರೆ ತೋಲಾಡುತ್ತಿತ್ತು. ವೈದ್ಯರು ಇದನ್ನು ಅಟಾಕ್ಸಿಯಾ ಅನ್ನುತ್ತಾರೆ. ಸ್ನಾಯುಗಳಲ್ಲಿ ಬಲ ಕಮ್ಮಿ. ಇಂಥ ಲಕ್ಷಣಗಳಿಗೆ ನೂರಾರು ಕಾರಣ ಇರಬಹುದು. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಜೀನ್ ಕಡೆ ಅನುಮಾನ ಹೋಗುತ್ತದೆ. ಮೈಟೊಕಾಂಡ್ರಿಯಾ ಕೆಟ್ಟರೂ ಹೀಗೇ ಆಗಬಹುದು.

ಇಂಥ ಕಡೆ ಈಗ ಮಾಡುವ ಪರೀಕ್ಷೆ ಎಕ್ಸೋಮ್ ಸೀಕ್ವೆನ್ಸಿಂಗ್. ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಗೆ ಬೇಕಾದ ಭಾಗವನ್ನಷ್ಟೇ ಪೂರ್ತಿ ಓದುವುದು. ಓದಿದಾಗ ಕಂಡಿದ್ದು ಎಟಿಜಿ7ರಲ್ಲಿ ದೋಷ. ತಂದೆಯಿಂದ ಬಂದ ಪ್ರತಿಯೂ ಸರಿಯಿಲ್ಲ, ತಾಯಿಯಿಂದ ಬಂದ ಪ್ರತಿಯೂ ಸರಿಯಿಲ್ಲ.

ನ್ಯೂಕ್ಯಾಸಲ್‌ನ ಜಾಕ್ ಕೊಲಿಯರ್, ಮೊನಿಕಾ ಒಲಾಹೊವಾ, ರಾಬರ್ಟ್ ಟೇಲರ್ ಮತ್ತು ಜೊತೆಗಾರರ ಪ್ರಬಂಧ 2021ರ ಜೂನ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅದನ್ನು ಮೊದಲ ಸಲ ಓದಿದಾಗ ನನಗೆ ಈ ಜಾಗದಲ್ಲಿ ನಿಂತು ಯೋಚಿಸಬೇಕು ಅನ್ನಿಸಿತ್ತು. ಇಲಿಯಲ್ಲಿ ಒಂದು ದಿನವೂ ಬದುಕಲು ಬಿಡದ ದೋಷ ಇಲ್ಲಿ ಇಬ್ಬರು ಹೆಣ್ಣುಮಕ್ಕಳ ಮೈಯಲ್ಲಿದೆ. ಅವರು ನಡೆಯುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಇದಕ್ಕೆ ಎರಡೇ ವಿವರಣೆ ಸಾಧ್ಯ. ಕಾಯಿಲೆಗೆ ಕಾರಣ ಬೇರೆಲ್ಲೋ ಇದ್ದು, ಎಟಿಜಿ7 ಬದಲಾವಣೆ ಸುಮ್ನೆ ಜೊತೆಗೆ ಇರಬಹುದು. ಇಲ್ಲವೇ ಆಟೊಫೇಜಿ ಬಗ್ಗೆ ನಾವು ಅಂದುಕೊಂಡಿದ್ದರಲ್ಲೇ ಏನೋ ಬಿಟ್ಟುಹೋಗಿರಬೇಕು.

ಮುಂದಕ್ಕೆ ಹೋಗುವ ಮೊದಲು ಎಟಿಜಿ7 ಏನು ಮಾಡುತ್ತದೆ ಅಂತ ನೋಡೋಣ. ಅದು ತಿಳಿಯದೆ ಈ ಪ್ರಕರಣದ ತೂಕ ಗೊತ್ತಾಗುವುದಿಲ್ಲ.

ಜೀವಕೋಶದ ಒಳಗೆ ದಿನವೂ ಕಸ ಬೀಳುತ್ತದೆ. ಮಡಿಕೆ ತಪ್ಪಿದ ಪ್ರೋಟೀನ್‌ಗಳು, ಸವೆದುಹೋದ ಮೈಟೊಕಾಂಡ್ರಿಯಾ, ಒಂದಕ್ಕೊಂದು ಅಂಟಿಕೊಂಡ ಗಂಟುಗಳು. ಆಟೊಫೇಜಿ ಶುರುವಾದಾಗ ಕೋಶದೊಳಗೆ ಪೊರೆಯ ಸಣ್ಣ ತುಂಡೊಂದು ಹುಟ್ಟಿಕೊಳ್ಳುತ್ತದೆ. ಅದು ಬಟ್ಟಲಿನ ಹಾಗೆ ಬಾಗುತ್ತಾ ಬೆಳೆದು, ಕಸವನ್ನು ಒಳಗೆ ಹಾಕಿಕೊಂಡು, ಕೊನೆಗೆ ಬಾಯಿ ಮುಚ್ಚಿಕೊಂಡು ಎರಡು ಪದರದ ಚೀಲವಾಗುತ್ತದೆ. ಈ ಚೀಲಕ್ಕೆ ಆಟೊಫೇಗೊಸೋಮ್ ಅಂತ ಹೆಸರು. ಅದು ಹೋಗಿ ಲೈಸೊಸೋಮ್ ಜೊತೆ ಬೆರೆಯುತ್ತದೆ. ಲೈಸೊಸೋಮ್ ಒಳಗೆ ಆಮ್ಲವೂ ಕಿಣ್ವಗಳೂ ತುಂಬಿರುತ್ತವೆ. ಚೀಲದೊಳಗಿನದು ಅಲ್ಲಿ ಕರಗಿ ಅಮೈನೊ ಆಮ್ಲ, ಕೊಬ್ಬಿನಾಮ್ಲಗಳಾಗಿ ಹೊರಬರುತ್ತದೆ. ಕೋಶ ಅದನ್ನೇ ಮತ್ತೆ ಬಳಸುತ್ತದೆ.

ಚೀಲ ಬೆಳೆಯಬೇಕಾದರೆ ಅದರ ಪೊರೆಗೆ ಎಲ್‌ಸಿ3 ಅನ್ನುವ ಸಣ್ಣ ಪ್ರೋಟೀನ್‌ಗಳನ್ನು ಅಂಟಿಸಬೇಕು. ಇದನ್ನು ಹೊಲಿಗೆ ಅಂದುಕೊಳ್ಳಿ. ಹೊಲಿಯುವ ಕೆಲಸಕ್ಕೆ ಬೇರೆ ಬೇರೆ ಪ್ರೋಟೀನ್‌ಗಳಿವೆ. ಎಟಿಜಿ3 ಇದೆ, ಎಟಿಜಿ10 ಇದೆ, ಎಟಿಜಿ12 ಮತ್ತು ಎಟಿಜಿ5ರ ಜೋಡಿ ಇದೆ. ಇವರಿಗೆಲ್ಲ ಸೂಜಿಗೆ ದಾರ ಪೋಣಿಸಿಕೊಡುವ ಕೈ ಒಂದೇ, ಅದು ಎಟಿಜಿ7. ಎಲ್‌ಸಿ3ಯನ್ನು ಅಂಟಲು ತಯಾರು ಮಾಡುವುದೂ ಅದೇ. ಎಟಿಜಿ12ನ್ನು ಎಟಿಜಿ5ಕ್ಕೆ ಕೂಡಿಸುವ ಕೆಲಸಕ್ಕೆ ಸಿದ್ಧ ಮಾಡುವುದೂ ಅದೇ. ಎರಡು ಸಾಲಿನ ಹೊಲಿಗೆಗೂ ಒಂದೇ ಕೈ. ಹಾಗಾಗಿ ಎಟಿಜಿ7 ಇಲ್ಲದಿದ್ದರೆ ಎರಡೂ ಸಾಲು ಒಟ್ಟಿಗೆ ನಿಲ್ಲುತ್ತವೆ.

ಈ ಜೀನ್‌ಗಳು ಸಿಕ್ಕ ದಾರಿಯೂ ಚೆಂದ. 1955ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಲೈಸೊಸೋಮ್ ಅನ್ನು ವಿವರಿಸಿದರು. 1963ರಲ್ಲಿ ಆಟೊಫೇಜಿ ಅನ್ನುವ ಪದವನ್ನು ಕೊಟ್ಟವರೂ ಅವರೇ. ಆಮೇಲೆ ಎರಡು ದಶಕಕ್ಕೂ ಮೀರಿ ಇದು ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲಿ ನೋಡುವ ವಿಷಯವಾಗಿಯೇ ಉಳಿಯಿತು. ಯಾವ ಜೀನ್ ಇದನ್ನು ನಡೆಸುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಸಣ್ಣ ಲ್ಯಾಬ್ ಶುರು ಮಾಡಿದ ಯೊಶಿನೊರಿ ಒಸುಮಿ ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಹಿಡಿದರು. ಕಸ ಕರಗಿಸುವ ಕಿಣ್ವ ಇಲ್ಲದ ಯೀಸ್ಟಿಗೆ ಆಹಾರ ಕೊಡದೆ ಬಿಟ್ಟರು. ಚೀಲಗಳು ಒಳಗೆ ಬರುತ್ತವೆ, ಆದರೆ ಕರಗುವುದಿಲ್ಲ. ಗೋಡೌನಿನಲ್ಲಿ ಮೂಟೆ ತುಂಬಿದ ಹಾಗೆ ತುಂಬಿಕೊಳ್ಳುತ್ತಾ ಹೋದವು. ಮಾಮೂಲಿ ಮೈಕ್ರೊಸ್ಕೋಪ್‌ನಲ್ಲೇ ಅವು ಕುಣಿದಾಡುವುದು ಕಾಣುತ್ತಿತ್ತು. ಹೀಗೆ ತುಂಬಿಕೊಳ್ಳದ ಯೀಸ್ಟ್‌ಗಳನ್ನು ಹುಡುಕಿದರೆ ಆಟೊಫೇಜಿ ಜೀನ್ ಕೆಟ್ಟವು ಸಿಕ್ಕ ಹಾಗೇ. 1993ರಲ್ಲಿ ಮಿಕಿ ತ್ಸುಕಾಡಾ ಜೊತೆ ಅಂಥ 15 ಜೀನ್‌ಗಳ ಪಟ್ಟಿ ಕೊಟ್ಟರು. ಎಟಿಜಿ7 ಅದರಲ್ಲೊಂದು. 2016ರ ನೊಬೆಲ್ ಒಸುಮಿ ಒಬ್ಬರಿಗೇ ಬಂತು.

ಈಗ ನ್ಯೂಕ್ಯಾಸಲ್‌ಗೆ ವಾಪಸ್ ಬರೋಣ.

ಜೀನ್‌ನಲ್ಲಿ ಬದಲಾವಣೆ ಕಂಡ ಮಾತ್ರಕ್ಕೆ ಅದೇ ಕಾಯಿಲೆಗೆ ಕಾರಣ ಅಂತ ಹೇಳಲಾಗುವುದಿಲ್ಲ. ನಮ್ಮೆಲ್ಲರ ಡಿಎನ್‌ಎಯಲ್ಲೂ ಬೇಕಾದಷ್ಟು ಬದಲಾವಣೆಗಳಿರುತ್ತವೆ, ಹೆಚ್ಚಿನವು ನಿರಪಾಯ. ಹಾಗಾಗಿ ತಂಡಕ್ಕೆ ಎರಡು ಕೆಲಸವಿತ್ತು. ಇಂಥದೇ ದೋಷ ಇರುವ ಬೇರೆ ಕುಟುಂಬಗಳನ್ನು ಹುಡುಕಬೇಕು. ಕೋಶದೊಳಗೆ ಆಟೊಫೇಜಿ ನಿಜವಾಗಿಯೂ ಕುಂದಿದೆಯಾ ಅಂತ ತೋರಿಸಬೇಕು.

ಹುಡುಕಿದಾಗ ಒಟ್ಟು 5 ಕುಟುಂಬಗಳ 12 ಜನ ಸಿಕ್ಕರು. ಎಲ್ಲರಲ್ಲೂ ಎಟಿಜಿ7ರ ಎರಡೂ ಪ್ರತಿಗಳಲ್ಲಿ ದೋಷ. ಎಲ್ಲರಲ್ಲೂ ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಮೆದುಳಿನ ಸ್ಕ್ಯಾನ್‌ಗಳಲ್ಲಿ ಎರಡು ಜಾಗ ಮತ್ತೆ ಮತ್ತೆ ಕಣ್ಣಿಗೆ ಬಿದ್ದವು. ಒಂದು ಕಿರುಮೆದುಳು. ತಲೆಯ ಹಿಂದೆ, ಕೆಳಗೆ ಇರುವ ಇದು ನಡಿಗೆ, ಸಮತೋಲ, ಕೈಯ ಹಿಡಿತಗಳನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಕಾರ್ಪಸ್ ಕಲೋಸಮ್, ಮೆದುಳಿನ ಎಡ ಬಲ ಅರ್ಧಗಳನ್ನು ಜೋಡಿಸುವ ನರತಂತುಗಳ ದಪ್ಪ ಕಟ್ಟು. ಕೆಲವರ ಮುಖಚಹರೆಯಲ್ಲೂ ವ್ಯತ್ಯಾಸ ಇತ್ತು. ಆದರೆ ಕಾಯಿಲೆಯ ತೀವ್ರತೆ ಎಲ್ಲರಲ್ಲಿ ಒಂದೇ ಇರಲಿಲ್ಲ.

ಎರಡನೆಯ ಕೆಲಸ ನನಗೆ ತುಂಬ ಇಷ್ಟವಾದ ಭಾಗ. ರೋಗಿಗಳ ಚರ್ಮದಿಂದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರು. ಸ್ನಾಯುವಿನ ತುಣುಕನ್ನೂ ನೋಡಿದರು. ಎಟಿಜಿ7 ಪ್ರೋಟೀನ್ ಕೆಲವರಲ್ಲಿ ತೀರ ಕಮ್ಮಿ, ಕೆಲವರಲ್ಲಿ ಇಲ್ಲವೇ ಇಲ್ಲ.

ಇಂಥ ಕೋಶಗಳಲ್ಲಿ ಆಟೊಫೇಜಿಯನ್ನು ಅಳೆಯುವುದು ಹೀಗೆ. ಎಲ್‌ಸಿ3 ಎರಡು ರೂಪದಲ್ಲಿರುತ್ತದೆ. ಪೊರೆಗೆ ಅಂಟದೆ ತೇಲಾಡುವುದು ಎಲ್‌ಸಿ3-1. ಅಂಟಿಕೊಂಡದ್ದು ಎಲ್‌ಸಿ3-2. ಪ್ರೋಟೀನ್‌ಗಳನ್ನು ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡಿದರೆ ಎರಡೂ ಬೇರೆ ಬೇರೆ ಗೆರೆಯಾಗಿ ಕಾಣುತ್ತವೆ. ಕೋಶವನ್ನು ಹಸಿವಿನಲ್ಲಿಟ್ಟು, ಲೈಸೊಸೋಮ್ ಕೆಲಸ ಮಾಡದ ಹಾಗೆ ಬಾಫಿಲೊಮೈಸಿನ್ ಹಾಕಿದರೆ, ಆರೋಗ್ಯವಾಗಿರುವ ಕೋಶದಲ್ಲಿ ಎರಡನೆಯ ಗೆರೆ ದಪ್ಪಗಾಗುತ್ತಾ ಹೋಗಬೇಕು. ಚೀಲಗಳು ಆಗುತ್ತಲೇ ಇರುತ್ತವೆ, ಕರಗುವುದು ನಿಂತಿರುತ್ತದೆ, ಅದಕ್ಕೆ. ಎಟಿಜಿ7 ಇಲ್ಲದ ಕಡೆ ಅಂಟಿಸುವ ಕೆಲಸವೇ ನಡೆಯದ್ದರಿಂದ ಆ ಗೆರೆ ಮೇಲೇಳುವುದಿಲ್ಲ. ಬರೀ ಒಂದು ಸಲ ನೋಡಿ ಎಲ್‌ಸಿ3-2 ಜಾಸ್ತಿ ಇದೆ, ಹಾಗಾದರೆ ಆಟೊಫೇಜಿ ಜಾಸ್ತಿ ಅನ್ನುವುದು ತಪ್ಪು. ಕಸದ ಗಾಡಿಗಳು ಬೀದಿ ತುಂಬ ನಿಂತಿವೆ ಅಂದರೆ ಕೆಲಸ ಜೋರಾಗಿದೆ ಅಂತಲೂ ಆಗಬಹುದು, ಮುಂದೆ ದಾರಿ ಕಟ್ಟಿದೆ ಅಂತಲೂ ಆಗಬಹುದು. ಅದಕ್ಕೇ ಕಸ ಎಷ್ಟು ಸಾಗುತ್ತಿದೆ ಅನ್ನುವ ಹರಿವನ್ನು ಅಳೆಯಬೇಕು. ಈ ರೋಗಿಗಳ ಕೋಶಗಳಲ್ಲಿ ಹರಿವು ಕುಂದಿತ್ತು. ಕಸವನ್ನು ಚೀಲಕ್ಕೆ ತುಂಬುವ ಹಂತದಲ್ಲೇ ಕೆಲಸ ತುಂಬ ಇಳಿದಿತ್ತು.

ಇನ್ನೊಂದು ಪರೀಕ್ಷೆ ಯೀಸ್ಟ್ ಮತ್ತು ಇಲಿಯ ಕೋಶಗಳಲ್ಲಿ ನಡೆಯಿತು. ಎಟಿಜಿ7 ಕೆಲಸ ಇಲ್ಲದ ಕೋಶಕ್ಕೆ ಸರಿಯಾದ ಎಟಿಜಿ7 ಕೊಟ್ಟರೆ ಆಟೊಫೇಜಿ ಮರಳುತ್ತದೆ. ರೋಗಿಗಳಲ್ಲಿ ಕಂಡ ಬದಲಾವಣೆಯಿರುವ ಎಟಿಜಿ7 ಕೊಟ್ಟರೆ? ಅರೆಬರೆ ಮರಳಿತು, ಇಲ್ಲವೇ ಮರಳಲೇ ಇಲ್ಲ. ಒಸುಮಿಯವರು ಬೇರೆ ಯಾರಿಗೂ ಅಷ್ಟು ಆಸಕ್ತಿ ಇಲ್ಲದ ಕಾಲದಲ್ಲಿ ಹಿಡಿದ ಆ ಯೀಸ್ಟೇ ಇಲ್ಲಿ ಸಾಕ್ಷಿ ಹೇಳಲು ಬಂತು. ಮೂಲ ಸಂಶೋಧನೆಗೆ ಯಾಕೆ ದುಡ್ಡು ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಪ್ರಕರಣವನ್ನೇ ಹೇಳುತ್ತೇನೆ.

ಅಲ್ಲಿಗೆ ದೋಷ ಖಚಿತವಾಯಿತು. ಆದರೂ ಮೊದಲ ಪ್ರಶ್ನೆ ಉಳಿದೇ ಇದೆ. ಇವರು ಬದುಕಿದ್ದು ಹೇಗೆ? ಪೆಟ್ಟು ಬಿದ್ದದ್ದು ಮೆದುಳಿಗೇ ಯಾಕೆ?

ಎರಡನೆಯ ಪ್ರಶ್ನೆ ಸ್ವಲ್ಪ ಸುಲಭ. ಚರ್ಮದ ಕೋಶ, ಕರುಳಿನ ಒಳಪದರದ ಕೋಶ ಒಡೆದು ಎರಡಾಗುತ್ತಾ ಇರುತ್ತವೆ. ಒಂದು ಕೋಶದ ಕಸ ಎರಡಕ್ಕೆ ಹಂಚಿಹೋಗುತ್ತದೆ, ಹಳೆಯವು ಉದುರಿಯೂ ಹೋಗುತ್ತವೆ. ನರಕೋಶ ಹಾಗಲ್ಲ. ನಾವು ಹುಟ್ಟಿದಾಗ ಇದ್ದ ನರಕೋಶವೇ 70 ವರ್ಷದ ಮೇಲೂ ಇರಬೇಕು. ಅದು ತನ್ನ ಕಸವನ್ನು ಯಾರಿಗೂ ಹಂಚಲಾರದು. ಮೇಲಾಗಿ ಅದರ ಉದ್ದದ ಬಾಲ, ಆಕ್ಸಾನ್, ತುದಿಯಿಂದ ಕಸವನ್ನು ಕೋಶದ ನಡುಭಾಗದವರೆಗೂ ಹೊತ್ತು ತರಬೇಕು. 2006ರಲ್ಲಿ ಎರಡು ಜಪಾನಿ ತಂಡಗಳು ಇಲಿಯ ಮೆದುಳಿನಲ್ಲಿ ಮಾತ್ರ ಆಟೊಫೇಜಿ ನಿಲ್ಲಿಸಿ ನೋಡಿದವು. ಒಂದು ಎಟಿಜಿ5 ತೆಗೆಯಿತು, ಇನ್ನೊಂದು ಎಟಿಜಿ7. ಆ ಇಲಿಗಳ ಚಲನೆಯ ಹಿಡಿತ ತಪ್ಪಿತು. ನರಕೋಶಗಳೊಳಗೆ ಪ್ರೋಟೀನ್ ಗಂಟುಗಳು ಕೂಡಿಕೊಂಡವು. ಮೆದುಳಲ್ಲಿ ಎಟಿಜಿ7 ಇಲ್ಲದ ಇಲಿಗಳು 28 ವಾರದೊಳಗೆ ಸತ್ತವು. ಆ ಮೆದುಳಿಗೆ ಸೋಂಕು ತಗುಲಿರಲಿಲ್ಲ, ವಿಷ ಬಿದ್ದಿರಲಿಲ್ಲ. ದಿನದಿನದ ಗುಡಿಸುವ ಕೆಲಸ ನಿಂತದ್ದೇ ಸಾಕಾಗಿತ್ತು. ಮರುವರ್ಷ ಕಿರುಮೆದುಳಿನ ಪರ್ಕಿಂಜೆ ಕೋಶಗಳು ಅನ್ನುವ ದೊಡ್ಡ ನರಕೋಶಗಳಲ್ಲಿ ಮಾತ್ರ ಎಟಿಜಿ7 ತೆಗೆದಾಗ ಮೊದಲು ಕೆಟ್ಟದ್ದು ಆಕ್ಸಾನ್ ತುದಿ, ಆಮೇಲೆ ಕೋಶವೇ ಸತ್ತಿತು. ಅಕ್ಕತಂಗಿಯರ ತೋಲಾಡುವ ನಡಿಗೆಯನ್ನು ಇದರ ಪಕ್ಕ ಇಟ್ಟು ನೋಡಿ.

ಇದೇ ದಿಕ್ಕಿನ ಇನ್ನೊಂದು ಪ್ರಕರಣವೂ ಇದೆ. 2016ರಲ್ಲಿ ಟರ್ಕಿಯ ಒಂದೇ ಮನೆಯ ಇಬ್ಬರು ಮಕ್ಕಳ ಬಗ್ಗೆ ವರದಿ ಬಂದಿತ್ತು. ಅವರಲ್ಲಿ ಕೆಟ್ಟದ್ದು ಎಟಿಜಿ5. ಅಲ್ಲೂ ಅಟಾಕ್ಸಿಯಾ, ಅಲ್ಲೂ ನಿಧಾನದ ಬೆಳವಣಿಗೆ. ಆದರೆ ಅಲ್ಲಿ ಪ್ರೋಟೀನ್ ಇತ್ತು, ಕೆಲಸ ಮಾತ್ರ ಕುಂದಿತ್ತು.

ಬದುಕಿದ್ದು ಹೇಗೆ ಅನ್ನುವುದಕ್ಕೆ ಉತ್ತರದ ಕೆಲವು ತುಣುಕುಗಳಿವೆ. ಮೊದಲನೆಯದು ಆ ಇಲಿ ಮರಿಗಳಲ್ಲೇ ಇದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ನಿಂತುಹೋಗುತ್ತದೆ. ಹಾಲು ಸಿಗುವವರೆಗೆ ಮರಿ ತನ್ನ ಒಳಗಿನದನ್ನೇ ಕರಗಿಸಿಕೊಂಡು ಬದುಕಬೇಕು. ಆ ಕೆಲವು ಗಂಟೆಗಳಲ್ಲಿ ಆಟೊಫೇಜಿ ಜೋರಾಗಿ ಏರುತ್ತದೆ. ಅದು ಇಲ್ಲದ ಮರಿಯ ರಕ್ತದಲ್ಲಿ ಅಮೈನೊ ಆಮ್ಲಗಳು ಇಳಿದುಹೋಗುತ್ತವೆ. ಜೊತೆಗೆ ಅವು ಹಾಲನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. 2016ರಲ್ಲಿ ಮಿಜುಶಿಮಾ ತಂಡ, ಎಟಿಜಿ5 ಪೂರ್ತಿ ಇಲ್ಲದ ಇಲಿಗಳ ನರಕೋಶಗಳಿಗೆ ಮಾತ್ರ ಆ ಜೀನನ್ನು ವಾಪಸ್ ಕೊಟ್ಟಿತು. ಮೈಯ ಉಳಿದ ಯಾವ ಭಾಗಕ್ಕೂ ಕೊಡಲಿಲ್ಲ. ಆ ಮರಿಗಳು ಮೊದಲ ದಿನ ದಾಟಿದವು. ಬೇರೆ ತೊಂದರೆಗಳ ಜೊತೆಗೇ ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಬದುಕಿದವು. ಅಂದರೆ ಮೊದಲ ದಿನದ ಸಾವಿನಲ್ಲಿ ನರಮಂಡಲದ ಪಾತ್ರ ದೊಡ್ಡದು. ಮನುಷ್ಯ ಕೂಸು ಸಾಕಷ್ಟು ದೊಡ್ಡದಾಗಿ, ಮೈಯಲ್ಲಿ ಕೊಬ್ಬು ಇಟ್ಟುಕೊಂಡು ಹುಟ್ಟುತ್ತದೆ. ಹಾಲು ಕುಡಿಸಲು, ಕುಡಿಯದಿದ್ದರೆ ಬೇರೆ ದಾರಿ ನೋಡಲು ಸುತ್ತ ಜನರಿರುತ್ತಾರೆ. ಆ ಮೊದಲ ಹಸಿವಿನ ಗಂಟೆಗಳನ್ನು ದಾಟಿಸಲು ಇದೂ ಸಹಾಯ ಮಾಡಿರಬೇಕು ಅಂತ ನನ್ನ ಊಹೆ.

ಎರಡನೆಯ ತುಣುಕು, ಕೋಶಕ್ಕೆ ಕಸ ಹಾಕುವ ದಾರಿ ಒಂದೇ ಅಲ್ಲ ಅನ್ನುವುದು. ಬಿಡಿ ಪ್ರೋಟೀನ್‌ಗಳನ್ನು ಕತ್ತರಿಸಿಹಾಕುವ ಪ್ರೋಟಿಯಸೋಮ್ ಬೇರೆಯೇ ಇದೆ. ಎಟಿಜಿ5, ಎಟಿಜಿ7 ಎರಡೂ ಬೇಡದ ಇನ್ನೊಂದು ಬಗೆಯ ಆಟೊಫೇಜಿಯನ್ನು 2009ರಲ್ಲಿ ಜಪಾನಿನ ಶಿಮಿಜು ತಂಡ ತೋರಿಸಿತ್ತು. ನ್ಯೂಕ್ಯಾಸಲ್ ತಂಡಕ್ಕೆ ರೋಗಿಗಳ ಚರ್ಮ ಮತ್ತು ಸ್ನಾಯುವಿನಲ್ಲಿ, ಎಟಿಜಿ7 ಇಲ್ಲದ ಕಡೆಯೂ, ಮಂದಗತಿಯ ಆಟೊಫೇಜಿ ನಡೆಯುತ್ತಿರುವ ಗುರುತು ಸುಲಭವಾಗಿಯೇ ಕಂಡಿತು. ಹೆದ್ದಾರಿ ಮುಚ್ಚಿದೆ, ಹಳ್ಳಿ ದಾರಿಯಲ್ಲಿ ಗಾಡಿ ಓಡುತ್ತಿದೆ. ಹೆಚ್ಚಿನ ಅಂಗಗಳು ಅಷ್ಟರಲ್ಲೇ ಸುಧಾರಿಸಿಕೊಂಡಿವೆ. ಕಿರುಮೆದುಳಿಗೆ ಅದು ಸಾಲಲಿಲ್ಲ.

ಇಲ್ಲಿ ಉಪವಾಸದ ಮಾತು ಎತ್ತಲೇಬೇಕು. ಒಸುಮಿಗೆ ನೊಬೆಲ್ ಬಂದ ಮೇಲೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏಕಾದಶಿ ಉಪವಾಸಕ್ಕೆ ನೊಬೆಲ್ ಬಂತು ಅನ್ನುವ ಸಂದೇಶ ಓಡಾಡಿತು. ಉಪವಾಸ ಮಾಡುವವರ ಶ್ರದ್ಧೆ ಬಗ್ಗೆ ನನಗೆ ಗೌರವ ಇದೆ, ನಮ್ಮ ಮನೆಯಲ್ಲೂ ಮಾಡುತ್ತಾರೆ. ಆದರೆ ಪ್ರಶಸ್ತಿ ಬಂದದ್ದು ಯೀಸ್ಟಿನಲ್ಲಿ ಆಟೊಫೇಜಿಯ ಕಾರ್ಯವಿಧಾನ ಕಂಡುಹಿಡಿದದ್ದಕ್ಕೆ. ಹಸಿವಿನಲ್ಲಿ ಆಟೊಫೇಜಿ ಏರುತ್ತದೆ ಅನ್ನುವುದು ನಿಜ. ಎಷ್ಟು ಗಂಟೆ ಉಪವಾಸ ಇದ್ದರೆ ನಮ್ಮ ಮೆದುಳಲ್ಲಿ ಎಷ್ಟು ಏರುತ್ತದೆ ಅಂತ ಹೇಳುವ ರಕ್ತ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. 16 ಗಂಟೆಗೆ ಶುರು, 24 ಗಂಟೆಗೆ ಕ್ಯಾನ್ಸರ್ ಕೋಶ ಖಾಲಿ ಅನ್ನುವ ಚಾರ್ಟ್‌ಗಳನ್ನು ನಂಬಿ ಸಕ್ಕರೆ ಕಾಯಿಲೆಯವರು ಮಾತ್ರೆ ಹೊತ್ತಿನ ಊಟ ಬಿಡುವುದು ನೋಡಿದರೆ ಭಯವಾಗುತ್ತದೆ. 2014ರ ಒಂದು ಪ್ರಯೋಗದಲ್ಲಿ ಬೆಳೆದ ಇಲಿಗಳ ಇಡೀ ಮೈಯಿಂದ ಎಟಿಜಿ7 ತೆಗೆದರು. ಹೊಟ್ಟೆಗೆ ಆಹಾರ ಇರುವವರೆಗೆ ಅವು ಎರಡು ಮೂರು ತಿಂಗಳು ಬದುಕಿದವು. ಒಂದು ದಿನ ಉಪವಾಸ ಇಟ್ಟದ್ದಕ್ಕೆ ರಕ್ತದ ಸಕ್ಕರೆ ಕುಸಿದು ಸತ್ತವು. ಉಪವಾಸವನ್ನು ತಾಳಲೇ ಆಟೊಫೇಜಿ ಬೇಕು. ನಮ್ಮಲ್ಲಿ ಈ ಮಾತು ಉಲ್ಟಾ ಹರಡಿದೆ.

ಈ ಅಕ್ಕತಂಗಿಯರಿಗೆ ಆಟೊಫೇಜಿ ಹೆಚ್ಚಿಸುವ ಔಷಧಿ ಕೊಡಬಹುದಲ್ಲ ಅಂತ ಅನ್ನಿಸಬಹುದು. ರಾಪಮೈಸಿನ್ ಅಂಥದ್ದೊಂದು. ಆದರೆ ಅದು ಕೆಲಸ ಮಾಡುವುದು ಮೇಲಿನ ಹಂತದಲ್ಲಿ, ಕೋಶಕ್ಕೆ ಊಟ ಸಾಕಾಗಿದೆ ಎಂದು ಹೇಳುವ ಎಂಟಾರ್ ಅನ್ನುವ ಸ್ವಿಚ್ಚಿನ ಮೇಲೆ. ಸ್ವಿಚ್ಚು ಒತ್ತಿದರೂ ಕೆಳಗೆ ತಂತಿ ತುಂಡಾಗಿದ್ದರೆ ದೀಪ ಹತ್ತುವುದಿಲ್ಲ. ಎಟಿಜಿ7 ಆ ತಂತಿ. ಇಂಥ ಔಷಧಿಗಳಿಂದ ಏನಾದರೂ ಆಸೆ ಇದ್ದರೆ ಅದು ತಂತಿ ಸರಿಯಿದ್ದು ಕಸ ಮಾತ್ರ ಜಾಸ್ತಿಯಾದ ಕಾಯಿಲೆಗಳಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಆ ದಾರಿಯಲ್ಲಿದೆ. ಅವರೂ ಹಿಡಿದದ್ದು ಯೀಸ್ಟನ್ನೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟು ಕಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನನ್ನು ಯೀಸ್ಟಿನೊಳಗೆ ಇಟ್ಟು, ಅದರ ಹಾವಳಿ ತಗ್ಗಿಸುವ ಸಣ್ಣ ಅಣುಗಳನ್ನು ಹುಡುಕಿದರು. 6-ಬಯೊ ಅನ್ನುವ ಅಣು ಆಟೊಫೇಜಿ ಏರಿಸಿ ಇದನ್ನು ಮಾಡಿತು, ಪಾರ್ಕಿನ್ಸನ್‌ನಂಥ ಸ್ಥಿತಿ ತಂದ ಇಲಿಗಳ ನರಕೋಶಗಳನ್ನೂ ಕಾಪಾಡಿತು ಅಂತ 2017ರಲ್ಲಿ ವರದಿ ಮಾಡಿದರು. ಅದು ಇಲಿಯ ಮಟ್ಟದ ಫಲಿತಾಂಶ. ರೋಗಿಗಳಿಗೆ ಕೊಡುವ ಔಷಧಿಯಾಗಲು ದೂರ ಇದೆ.

ಎಟಿಜಿ7 ಕುಟುಂಬಗಳಿಗೆ ಸದ್ಯಕ್ಕೆ ಸಿಗುವುದು ಫಿಸಿಯೊಥೆರಪಿ, ಕಲಿಕೆಗೆ ನೆರವು, ಆಗಾಗ ವೈದ್ಯರ ತಪಾಸಣೆ. ಜೊತೆಗೆ ಕಾಯಿಲೆಗೆ ಒಂದು ಹೆಸರು. ವರ್ಷಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರಿಗೆ ಆ ಹೆಸರು ಎಷ್ಟು ದೊಡ್ಡದು ಅಂತ ಅಲೆದವರಿಗೇ ಗೊತ್ತು. ತಾನು ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆ ಅಂತ ತಾಯಿ ತನ್ನನ್ನೇ ಕೇಳಿಕೊಳ್ಳುವುದು ಅಲ್ಲಿಗೆ ನಿಲ್ಲಬಹುದು.

ನಮ್ಮ ಕಡೆಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ಇದು ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆ. ಒಂದೇ ಪ್ರತಿ ಕೆಟ್ಟ ತಂದೆ, ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರಿಗೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಕರ್ನಾಟಕದಲ್ಲಿ ಇನ್ನೂ ಇದೆ. ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಜ್ಜನಿಂದ ಒಂದೇ ದೋಷ ಬಂದಿರುವ ಅವಕಾಶ ಜಾಸ್ತಿ. ಎಟಿಜಿ7 ತೀರ ಅಪರೂಪದ್ದು, ಅದೊಂದಕ್ಕಾಗಿ ಯಾರೂ ಹೆದರಬೇಕಿಲ್ಲ. ಆದರೆ ಇದೇ ರೀತಿ ಹರಿದುಬರುವ ಕಾಯಿಲೆಗಳು ಸಾವಿರಾರು ಇವೆ. ಮನೆಯಲ್ಲಿ ಒಂದು ಮಗುವಿಗೆ ಕಾರಣ ಗೊತ್ತಿಲ್ಲದ ಅಟಾಕ್ಸಿಯಾ ಅಥವಾ ಬೆಳವಣಿಗೆಯ ತೊಂದರೆ ಇದ್ದರೆ, ಮುಂದಿನ ಬಸಿರಿಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಮ್ಮೆ ಕೂತು ಮಾತಾಡಿ. ಮಗುವಿನ ಎಕ್ಸೋಮ್ ಓದಿ ಯಾವ ಅಕ್ಷರ ಬದಲಾಗಿದೆ ಅಂತ ಒಮ್ಮೆ ಗೊತ್ತಾದರೆ, ಅಣ್ಣತಮ್ಮ ಅಕ್ಕತಂಗಿಯರಲ್ಲಿ ಅದನ್ನು ಹುಡುಕಲು ಒಂದು ಸಿರಿಂಜ್ ರಕ್ತ ಸಾಕು.